ಅಚ್ಚೇರಿನಲ್ಲಿ ಉಳಿದ ಒಂದು ಬೀಜ

ಬುಡಾಪೆಸ್ಟ್

ಸುಂಕದ ಅಧಿಕಾರಿ ನನ್ನ ಟ್ರಂಕು ತೆರೆದು, ಸೀರೆಗಳನ್ನು ಪಕ್ಕಕ್ಕೆ ಸರಿಸಿ, ತಳದಲ್ಲಿದ್ದ ಬಟ್ಟೆಯ ಚೀಲವನ್ನು ಹೊರತೆಗೆದ. ಬಾಯಿ ಬಿಚ್ಚಿದೊಡನೆ ಹುಣಸೆಬೀಜಗಳು ಕಟ್ಟೆಯ ಮೇಲೆ ಉರುಳಿದವು. ಕೆಲವು ನೆಲಕ್ಕೂ ಬಿದ್ದವು. ಅವುಗಳ ಹಿಂದೆ ಹಿತ್ತಾಳೆಯ ಅಚ್ಚೇರು ಹೊರಬಂತು. ಅರ್ಧ ಸೇರು ಕಾಳು ಹಿಡಿಯುವ ಆ ಅಳತೆಯನ್ನು ಆತ ತಿರುವಿ ನೋಡಿದ, ಒಳಗೆ ಇಣುಕಿದ, ಬೆರಳಿನಿಂದ ಬಡಿದು ಕಿವಿಗೊಟ್ಟ. ನನ್ನ ಬೆನ್ನ ಹಿಂದಿನ ಸಾಲು ಗೊಣಗತೊಡಗಿತು. ಅವನ ಭಾಷೆ ನನಗೆ ಬಾರದು, ನನ್ನ ಇಂಗ್ಲಿಷು ಅವನಿಗೆ ಬಾರದು. ಕಡೆಗೆ ಒಂದೇ ಪದ ಹೇಳಿದೆ: ‘ಮ್ಯಾಥಮ್ಯಾಟಿಕ್ಸ್.’

‘ಮಾತೆಮಾತಿಕಾ?’ ಎಂದ ಆತ. ಹೌದೆಂದು ತಲೆಯಾಡಿಸಿದೆ. ಆತ ಬೀಜಗಳನ್ನೂ ನನ್ನನ್ನೂ ಒಂದೆರಡು ಸಲ ನೋಡಿದ. ಆಮೇಲೆ ತಾನೇ ಬಗ್ಗಿ, ನೆಲದ ಮೇಲೆ ಬಿದ್ದವನ್ನೆಲ್ಲ ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿ, ಗಂಟು ಕಟ್ಟಿ ಕೊಟ್ಟ. ಅವನ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿರಬೇಕು.

ಸವಣೂರಿನಲ್ಲಿ ಟ್ರಂಕು ಕಟ್ಟುವಾಗ ನನ್ನ ಅವ್ವ ಅಂದಿದ್ದಳು: ‘ಪರದೇಶಕ್ಕ ಹುಣಸೀಬೀಜ ಹೊತ್ತಾಕಿ ಅಂದ್ರ ನೀನ ಒಬ್ಬಾಕಿ. ಅಲ್ಲಿ ಸಾರು ಮಾಡಾಕಿ ಏನ?’ ಕಾರಣ ಬೇರೆಯೇ ಇತ್ತು. ಮಕ್ಕಳಿಗೂ ಅವರ ಮನೆಯವರಿಗೂ ಕೈಯಿಂದ ಮಾಡಿ ಕಲಿಯುವ ಗಣಿತವನ್ನು ಹೇಗೆ ಕಲಿಸಬೇಕೆಂಬುದರ ಕುರಿತು ಹಂಗೇರಿ ದೇಶದ ಸೆಗೆಡ್ ಎಂಬ ಊರಿನಲ್ಲಿ ಹದಿನೈದು ದಿನಗಳ ಶಿಬಿರವಿತ್ತು. ಬರುವವರು ತಮ್ಮ ಊರಿನ ಎಣಿಕೆಯ ಸಾಮಾನುಗಳನ್ನು ತರಬೇಕೆಂದು ಆಮಂತ್ರಣದಲ್ಲಿ ಬರೆದಿದ್ದರು. ಶಿಕ್ಷಕರ ತರಬೇತಿ ಸಂಸ್ಥೆಯೊಂದರಲ್ಲಿ ಎರಡು ವರ್ಷಗಳಿಂದ ಅಧ್ಯಾಪಕಿಯಾಗಿದ್ದ ನನಗೆ ಆ ಆಮಂತ್ರಣ ಬಂದದ್ದು ನಾನು ಬರೆದ ಒಂದು ವರದಿಯ ದೆಸೆಯಿಂದ. ಅದರ ಸೈಕ್ಲೋಸ್ಟೈಲ್ ಪ್ರತಿಯೂ ಟ್ರಂಕಿನಲ್ಲಿತ್ತು. ಅಧಿಕಾರಿ ಅದನ್ನು ಮುಟ್ಟಲೂ ಇಲ್ಲ. ತೆರೆದು ನೋಡಬೇಕಾದದ್ದು ಅದನ್ನೇ ಎಂದು ಆಗ ನನಗೂ ತಿಳಿದಿರಲಿಲ್ಲ.

ಸೆಗೆಡ್ಡಿನ ರೈಲು

ಬುಡಾಪೆಸ್ಟಿನಿಂದ ದಕ್ಷಿಣಕ್ಕೆ ಹೊರಟ ರೈಲು ಮೂರು ತಾಸು ಬಯಲಿನಲ್ಲೇ ಓಡಿತು. ಗುಡ್ಡವಿಲ್ಲ, ತಿರುವಿಲ್ಲ, ಕಪ್ಪು ಮಣ್ಣು. ಸೆಗೆಡ್ ಸಮೀಪಿಸಿದಂತೆ ಮನೆಗಳ ಗೋಡೆಯ ಮೇಲೆ ಕೆಂಪು ಮೆಣಸಿನಕಾಯಿಯ ಸರಗಳು ಕಂಡವು. ಸೂರಿನಿಂದ ಕಟ್ಟೆಯವರೆಗೆ ತೂಗುಬಿಟ್ಟ ಸರಗಳು. ಬ್ಯಾಡಗಿಯ ಅಂಗಳಗಳು ಎದ್ದು ಬಂದು ಇಲ್ಲಿ ಗೋಡೆಗೆ ನಿಂತಂತಿತ್ತು. ನನ್ನ ಜೊತೆಗಿದ್ದ ದುಭಾಷಿ ಏವಾ, ಇಂಗ್ಲಿಷು ಬಲ್ಲ ಕಾಲೇಜು ಹುಡುಗಿ, ನಿಲ್ದಾಣದ ಅಂಗಡಿಯಲ್ಲಿ ಆ ಮೆಣಸಿನಪುಡಿಯನ್ನು ನನ್ನ ಅಂಗೈಗೆ ಹಾಕಿಸಿದಳು. ನಾನು ಕಣ್ಣಲ್ಲಿ ನೀರು ತಂದುಕೊಳ್ಳಲು ಸಿದ್ಧಳಾಗಿ ನಾಲಿಗೆಗೆ ಹಚ್ಚಿದೆ. ಅದು ಸಿಹಿಯಾಗಿತ್ತು. ಕಣ್ಣಿಗೆ ಒಂದೇ ತೆರನಾಗಿ ಕಾಣುವುದೆಲ್ಲ ಒಂದೇ ಅಲ್ಲ ಎಂಬುದನ್ನು ಆ ಪುಡಿಯೇ ಮೊದಲು ಹೇಳಿತ್ತು, ನಾನು ಕೇಳಿಸಿಕೊಳ್ಳಲಿಲ್ಲ.

ರೈಲಿನಲ್ಲಿ ಓದುತ್ತ ಬಂದದ್ದು ನನ್ನದೇ ವರದಿಯನ್ನು. ಕಳೆದ ಫೆಬ್ರುವರಿಯಲ್ಲಿ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳಲ್ಲಿ ಮೂರನೆಯ ಇಯತ್ತೆಯ ಮಕ್ಕಳ ಗಣಿತವನ್ನು ಪರೀಕ್ಷಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪಾಟಿಯ ಮೇಲೆ ಬರೆಸುವುದು ಬೇಡ, ಬೀಜ ಮತ್ತು ಅಳತೆಗಳನ್ನು ಕೈಗೆ ಕೊಟ್ಟು ಮಾಡಿಸಿ ನೋಡೋಣ ಎಂದು ಹಟ ಹಿಡಿದವಳು ನಾನೇ. ಫಲಿತಾಂಶದಲ್ಲಿ ಮಗುವಿನ ಹೆಸರು, ಊರಿನ ಹೆಸರು, ಮಾಸ್ತರರ ಹೆಸರು ಮೂರನ್ನೂ ಬರೆಯಬೇಕೆಂದೂ ವಾದಿಸಿದೆ. ಹೆಸರಿಲ್ಲದ ವರದಿ ಯಾರನ್ನೂ ಹೊಣೆ ಮಾಡುವುದಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು. ಇಂದಿಗೂ ಅದೇ ನಂಬಿಕೆ. ಆದರೆ ಈಗ ಅದರ ಮೊನೆ ನನ್ನ ಕಡೆಗೂ ತಿರುಗಿದೆ.

ವರದಿಯ ಹನ್ನೊಂದನೆಯ ಪುಟದಲ್ಲಿ ಫಕ್ಕೀರವ್ವ ಎಂಬ ಹುಡುಗಿಯ ಹೆಸರಿದೆ. ಹುಲಗೂರಿನ ಆಚೆಯ ಒಂದು ಸಣ್ಣ ಹಳ್ಳಿಯವಳು. ಅಚ್ಚೇರಿನಲ್ಲಿ ಎಂಟು ಹುಣಸೆಬೀಜಗಳನ್ನು ಹಾಕಿ, ಎಂಟನ್ನೂ ತೆಗೆದು ನನ್ನ ಕೈಗೆ ಕೊಡಲು ಹೇಳಿದ್ದೆ. ಒಂದೊಂದಾಗಿ ಎಣಿಸಿ ಎಂಟನ್ನೂ ಕೊಟ್ಟಳು. ಕೊಟ್ಟವಳು ನನ್ನ ಅಂಗೈಯಿಂದ ಒಂದನ್ನು ಹಿಂದಕ್ಕೆ ತೆಗೆದುಕೊಂಡು ಅಚ್ಚೇರಿಗೆ ಹಾಕಿದಳು.

‘ಎಷ್ಟು ಉಳೀತು?’ ಎಂದೆ.

‘ಒಂದ ಐತ್ರಿ.’

ಶಾಲೆಯ ಮಾಸ್ತರರು ಬಾಗಿಲಲ್ಲಿ ನಿಂತಿದ್ದರು. ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ. ‘ಅಕ್ಕೋರ, ಇನ್ನೊಮ್ಮೆ ಕೇಳ್ರಿ, ಆಕಿ ಶಾಣ್ಯಾಕಿ ಅದಾಳ್ರಿ’ ಎಂದರು. ಪ್ರತಿ ಪ್ರಶ್ನೆಯನ್ನೂ ಒಮ್ಮೆ ಮಾತ್ರ ಕೇಳಬೇಕೆಂಬ ನಿಯಮವನ್ನು ನಾನೇ ಮಾಡಿದ್ದೆ. ಅವರಿಗೆ ಅದನ್ನೇ ಹೇಳಿದೆ. ಏನೂ ಉಳಿದಿಲ್ಲ ಎನ್ನಲು ಬಾರದೆಯೇ ಹುಡುಗಿ ಒಂದನ್ನು ಹಿಂದಕ್ಕೆ ಹಾಕಿದಳೆಂದು ತಿಳಿದೆ. ಆ ಸಂಜೆ ಬರೆದ ವಾಕ್ಯ ಹೀಗಿದೆ: ‘ಮೂರು ವರ್ಷ ಶಾಲೆಯಲ್ಲಿ ಕುಳಿತ ಈ ಮಗುವಿಗೆ ಸೊನ್ನೆಯ ಕಲ್ಪನೆಯೇ ಇಲ್ಲ, ಇದಕ್ಕೆ ಹೊಣೆ ಯಾರು?’ ವಾಕ್ಯ ಚೆನ್ನಾಗಿತ್ತು. ಪತ್ರಿಕೆಯೊಂದು ಅದನ್ನು ಎತ್ತಿ ಅಚ್ಚು ಹಾಕಿತು. ಸೆಗೆಡ್ಡಿನ ರೈಲಿನಲ್ಲಿ ಅದನ್ನು ಮತ್ತೊಮ್ಮೆ ಓದಿಕೊಂಡಾಗ ನನಗೆ ಹೆಮ್ಮೆಯೇ ಆಯಿತು.

ಇಲೋನಾ ನೇನಿಯ ತರಗತಿ

ಸೆಗೆಡ್ಡಿನ ಶಾಲೆಯಲ್ಲಿ ಮಕ್ಕಳು ತಮ್ಮ ಶಿಕ್ಷಕಿಯನ್ನು ‘ಇಲೋನಾ ನೇನಿ’ ಎನ್ನುತ್ತಿದ್ದರು. ನೇನಿ ಎಂದರೆ ಚಿಕ್ಕಮ್ಮನೋ ಅತ್ತೆಯೋ ಎಂಬ ಅರ್ಥವೆಂದು ಏವಾ ಹೇಳಿದಾಗ ಸಮಾಧಾನವಾಯಿತು. ನಮ್ಮಲ್ಲಿಯೂ ಶಿಕ್ಷಕಿಯರು ಅಕ್ಕೋರೇ ಅಲ್ಲವೆ? ವ್ಯತ್ಯಾಸ ಆಮೇಲೆ ತಿಳಿಯಿತು. ನಮ್ಮ ಅಕ್ಕೋರ ಮುಂದೆ ಮಕ್ಕಳು ಎದ್ದು ನಿಂತು, ಕೈಕಟ್ಟಿ, ಉತ್ತರ ಹೇಳಿ ಕೂರುತ್ತಾರೆ. ಇಲ್ಲಿ ಇಲೋನಾ ನೇನಿಯೇ ಮಕ್ಕಳ ಪಕ್ಕದಲ್ಲಿ ಮಂಡಿಯೂರಿ ಕೂರುತ್ತಿದ್ದರು. ಐವತ್ತು ದಾಟಿದ ಭಾರವಾದ ಹೆಂಗಸು. ಏಳುವಾಗ ಪ್ರತಿ ಸಲವೂ ಬೆಂಚು ಹಿಡಿದೇ ಏಳಬೇಕು. ಆದರೂ ಕೂರುತ್ತಿದ್ದರು.

ಅವರ ಮೇಜಿನ ಮೇಲೆ ಅವರೆಯನ್ನು ಹೋಲುವ ಒಣಕಾಳು, ಅಕ್ರೋಟು, ಬೆಂಕಿಕಡ್ಡಿ, ಬಣ್ಣದ ಮರದ ಕಡ್ಡಿಗಳು. ಆ ಕಾಳಿನ ಸಾರೇ ಶಾಲೆಯ ಮಧ್ಯಾಹ್ನದ ಊಟ. ಮಾಂಸ ಬೇಡವೆಂದಾಗ ಅಡುಗೆಯಾಕೆ ನನ್ನ ಕಣ್ಣೆದುರಿಗೇ ಸಾರಿನಿಂದ ಮಾಂಸದ ತುಂಡುಗಳನ್ನು ಸೌಟಿನಲ್ಲಿ ಆರಿಸಿ ತೆಗೆದು, ತಟ್ಟೆಯನ್ನು ಪ್ರೀತಿಯಿಂದ ನನ್ನ ಮುಂದಿಟ್ಟಳು. ಹದಿನೈದು ದಿನ ಬ್ರೆಡ್ಡು ಮತ್ತು ಸೇಬಿನ ಮೇಲೆ ಬದುಕಿದೆ.

ಆ ತರಗತಿಯಲ್ಲಿ ನಾನು ಕಲಿತ ಮೊದಲ ಹಂಗೇರಿಯನ್ ಪದ ‘ಮಿಏರ್ತ್’. ಯಾಕೆ ಎಂದರ್ಥ. ಇಲೋನಾ ನೇನಿ ಅದನ್ನು ತಾಸಿಗೆ ಐವತ್ತು ಸಲ ಹೇಳುತ್ತಿದ್ದರು. ಕಾತಿ ಎಂಬ ಏಳು ವರ್ಷದ ಹುಡುಗಿ ಏಳು ಕಾಳು ಮತ್ತು ಐದು ಕಾಳು ಸೇರಿಸಿ ಹದಿಮೂರು ಎಂದಳು. ನಮ್ಮಲ್ಲಾದರೆ ಕಿವಿ ಕೆಂಪಾಗುತ್ತಿತ್ತು. ಇಲೋನಾ ನೇನಿ ಯಾಕೆಂದು ಕೇಳಿ, ಉತ್ತರಕ್ಕಾಗಿ ಕಾದರು. ಹುಡುಗಿ ಅವರ ಕೈಯತ್ತ ಬೆರಳು ತೋರಿಸಿ, ನಿಮ್ಮ ಮುಷ್ಟಿಯಲ್ಲಿ ಇನ್ನೂ ಒಂದಿದೆಯಲ್ಲ ಎಂದಳು. ಅವರು ಮುಷ್ಟಿ ಬಿಚ್ಚಿದರು. ಇತ್ತು. ಮುಂದಿನ ಮಗು ಸರಿಯಾದ ಉತ್ತರ ಹೇಳಿತು. ಅದನ್ನೂ ಯಾಕೆಂದು ಕೇಳಿದರು.

ನನಗೆ ಸಹನೆ ಸಾಲಲಿಲ್ಲ. ಅರವತ್ತು ಮಕ್ಕಳಿಗೆ ಒಂದೇ ಕೋಣೆ, ಒಬ್ಬರೇ ಮಾಸ್ತರು ಇರುವ ನಮ್ಮ ಕಡೆ ಈ ಯಾಕೆಯ ಐಷಾರಾಮ ನಡೆಯುತ್ತದೆಯೇ ಎಂದು ಏವಾಳ ಮೂಲಕ ಕೇಳಿದೆ. ನನ್ನ ಧ್ವನಿಯಲ್ಲಿ ಚುಚ್ಚು ಇತ್ತು. ಇಲೋನಾ ನೇನಿ ನಗಲಿಲ್ಲ, ನೊಂದುಕೊಳ್ಳಲೂ ಇಲ್ಲ. ಅರವತ್ತು ಜನರನ್ನೂ ಕೇಳಲಾಗದಿರಬಹುದು, ತಪ್ಪು ಎಂದು ಬರೆಯುವ ಮುನ್ನ ಆ ಒಬ್ಬರನ್ನಾದರೂ ಕೇಳಬಹುದಲ್ಲ ಎಂದರು.

ಶುಕ್ರವಾರದ ಸಂಜೆ

ತಿಂಗಳಿಗೊಮ್ಮೆ ಶುಕ್ರವಾರ ಸಂಜೆ ಮನೆಯವರೆಲ್ಲ ಶಾಲೆಗೆ ಬಂದು ಮಕ್ಕಳ ಜೊತೆ ಗಣಿತ ಮಾಡುವುದು ಅಲ್ಲಿಯ ರೂಢಿ. ನಮ್ಮ ಕಡೆ ತಂದೆತಾಯಿಯನ್ನು ಶಾಲೆಗೆ ಕರೆಸಿದರೆಂದರೆ ಮಗು ಏನೋ ಮಾಡಿದೆಯೆಂದೇ ಲೆಕ್ಕ. ಅಪ್ಪ ಬರುವಾಗಲೇ ಸಿಟ್ಟು ಹೊತ್ತು ಬರುತ್ತಾನೆ. ಇಲ್ಲಿ ಕಾರ್ಖಾನೆಯ ಕೆಲಸ ಮುಗಿಸಿ ಬಂದ ಗಂಡಸರು ಮಕ್ಕಳ ಗಿಡ್ಡ ಕುರ್ಚಿಗಳ ಮೇಲೆ, ಮೊಣಕಾಲು ಎದೆಗೆ ತಾಗುವಂತೆ ಕುಳಿತಿದ್ದರು. ಒಂದು ಮೇಜಿನ ಮೇಲೆ ಹಳೆಯ ಪತ್ರಿಕೆಯ ಹಾಳೆಯನ್ನು ಅರ್ಧ, ಕಾಲು, ಅರೆಕಾಲು ಮಡಿಸುವ ಆಟ. ಇನ್ನೊಂದರ ಮೇಲೆ ಸೀಸೆಯಲ್ಲಿ ಎಷ್ಟು ಕಾಳಿವೆಯೆಂದು ಮೊದಲು ಊಹಿಸಿ, ಆಮೇಲೆ ಹತ್ತರ ಗುಂಪು ಮಾಡಿ ಎಣಿಸುವ ಆಟ. ಮತ್ತೊಂದರ ಮೇಲೆ ಮೇಜಿನ ಉದ್ದವನ್ನು ಗೇಣಿನಿಂದ ಅಳೆಯುವುದು. ಅಪ್ಪನ ಗೇಣಿಗೂ ಮಗಳ ಗೇಣಿಗೂ ಲೆಕ್ಕ ಕೂಡದೆ ಜಗಳ. ಒಂದೇ ಕಟ್ಟುಪಾಡು: ದೊಡ್ಡವರು ಉತ್ತರ ಹೇಳಬಾರದು. ಬಾಯಿಗೆ ಬಂದ ಉತ್ತರವನ್ನು ನುಂಗಿಕೊಳ್ಳುತ್ತಿದ್ದ ಆ ಗಂಡಸರ ಮುಖಗಳನ್ನು ನಾನು ಮರೆಯಲಾರೆ.

ನನ್ನ ಸರದಿ ಬಂತು. ಮೊದಲು ನಮ್ಮ ಎಣಿಕೆಯನ್ನು ತೋರಿಸಿದೆ. ಅವರು ಹೆಬ್ಬೆರಳಿನಿಂದ ಶುರುಮಾಡಿ ಬೆರಳಿಗೊಂದರಂತೆ ಎಣಿಸುತ್ತಾರೆ. ನಾವು ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡಿಸಿ ಒಂದೇ ಕೈಯಲ್ಲಿ ಹನ್ನೆರಡು ಎಣಿಸುತ್ತೇವೆ. ಕಾತಿ ನನ್ನ ಕೈ ಹಿಡಿದುಕೊಂಡು ಪ್ರತಿ ಗೆಣ್ಣನ್ನೂ ಮುಟ್ಟಿ ನೋಡಿದಳು. ಅವಳ ಅಜ್ಜ ಗುಟ್ಟಾಗಿ ಮೇಜಿನ ಕೆಳಗೆ ತನ್ನ ಗೆಣ್ಣುಗಳನ್ನು ಎಣಿಸಿಕೊಳ್ಳುತ್ತಿದ್ದ.

ಆಮೇಲೆ ಅಚ್ಚೇರನ್ನು ಮೇಜಿನ ಮೇಲಿಟ್ಟು, ಎಂಟು ಬೀಜಗಳನ್ನು ಹಾಕಿದೆ. ನಾಲ್ಕು ತಾಲೂಕುಗಳಲ್ಲಿ ನಾನೇ ಮಾಡಿಸಿದ ಪರೀಕ್ಷೆ. ಒಂದು, ಎರಡು, ಮೂರು ಎಂದು ಕನ್ನಡದಲ್ಲೇ ಎಣಿಸಿ ತೆಗೆದೆ. ಮಕ್ಕಳು ಕೂಡಿಯೇ ಹೇಳಿದರು. ಎಂಟೂ ಹೊರಬಂದವು. ಅಚ್ಚೇರನ್ನು ಪಕ್ಕಕ್ಕೆ ಸರಿಸಿ, ಈಗ ಎಷ್ಟು ಉಳಿಯಿತೆಂದು ಕೇಳಿದೆ.

‘ಎಜ್’ ಎಂದಳು ಕಾತಿ. ಒಂದು.

ಅಲ್ಲವೆಂದು ನಕ್ಕೆ. ಅವಳು ಹಟದಿಂದ ಅಚ್ಚೇರನ್ನು ನನ್ನ ಕಡೆಗೆ ಬಾಗಿಸಿದಳು. ತಳದಲ್ಲಿ ಒಂದು ಹುಣಸೆಬೀಜವಿತ್ತು. ನನ್ನ ಅಂಗೈಯಲ್ಲಿ ಏಳು. ಅದನ್ನು ಹಿಂದಕ್ಕೆ ಹಾಕಿದ ಕೈ ನನ್ನದೇ. ಹಾಕಿದ್ದು ನನ್ನ ಅರಿವಿಗೇ ಬಂದಿರಲಿಲ್ಲ.

ಇಲೋನಾ ನೇನಿ ನನ್ನ ಪಕ್ಕದಲ್ಲಿ ಮಂಡಿಯೂರಿ ಕುಳಿತು, ಮಕ್ಕಳಿಗೆ ಕೇಳುವ ಧ್ವನಿಯಲ್ಲೇ ಕೇಳಿದರು: ‘ಮಿಏರ್ತ್?’

ಯಾಕೆ? ಸವಣೂರಿನ ನಮ್ಮ ಅಡುಗೆಮನೆ ಕಣ್ಣಿಗೆ ಕಟ್ಟಿತು. ಅಕ್ಕಿ ಅಳೆದು ಮುಗಿಸಿದ ಅವ್ವ ಪಾತ್ರೆಯನ್ನು ಎಂದೂ ಪೂರ್ತಿ ಬರಿದು ಮಾಡಿದವಳಲ್ಲ. ನಾಲ್ಕು ಕಾಳಾದರೂ ತಳದಲ್ಲಿ ಬಿಡುತ್ತಾಳೆ. ಅಕ್ಕಿ ಇಲ್ಲ ಎಂಬ ಮಾತನ್ನೂ ಆಡುವುದಿಲ್ಲ. ‘ಅಕ್ಕಿ ತುಂಬ್ಯದ, ತರಬೇಕು’ ಎನ್ನುತ್ತಾಳೆ. ಚಿಕ್ಕವಳಿದ್ದಾಗ ಅಚ್ಚೇರು ಬೋರಲು ಹಾಕಿದ್ದಕ್ಕೆ ನನ್ನ ಕೈಮೇಲೆ ಹೊಡೆದಿದ್ದಳು. ಅಳೆಯುವ ಪಾತ್ರೆ ಬರಿದಾಗಬಾರದು. ಎಂ.ಎ. ಓದಿದರೂ ನನ್ನ ಕೈ ಅದನ್ನು ಮರೆತಿರಲಿಲ್ಲ.

ಇಷ್ಟನ್ನು ಏವಾಳಿಗೆ ಹೇಳುತ್ತ ಹೋದೆ, ಅವಳು ಅನುವಾದಿಸುತ್ತ ಹೋದಳು. ಹುಲಗೂರಿನ ಆಚೆಯ ಆ ಹುಡುಗಿ ನನ್ನ ಅಂಗೈಯಿಂದ ಒಂದು ಬೀಜವನ್ನು ಹಿಂದಕ್ಕೆ ತೆಗೆದುಕೊಂಡದ್ದು ಆಗ ನೆನಪಾಯಿತು.

ಟಿಸಾ ನದಿಯ ದಂಡೆ

ಮರುದಿನ ಮುಂಜಾನೆ ಏವಾ ನನ್ನನ್ನು ಊರಿನ ನದಿ ತೋರಿಸಲು ಕರೆದೊಯ್ದಳು. ಟಿಸಾ ಅಗಲವಾದ, ಮಣ್ಣುಬಣ್ಣದ, ಸದ್ದಿಲ್ಲದ ನದಿ. ನನ್ನ ಮನಸ್ಸು ಅದರ ಮೇಲಿರಲಿಲ್ಲ.

ಪಾಟಿ ಬೇಡ, ಮನೆಯ ಸಾಮಾನೇ ಇರಲಿ ಎಂದವಳು ನಾನು. ಆದರೆ ಸಾಮಾನು ಮನೆಯಿಂದ ಬರಿಗೈಯಲ್ಲಿ ಬರುವುದಿಲ್ಲ, ಮನೆಯ ಕಟ್ಟಳೆಯನ್ನೂ ಹೊತ್ತು ತರುತ್ತದೆ ಎಂದು ಯೋಚಿಸಲಿಲ್ಲ. ಬೀಜಗಳನ್ನು ನೆಲದ ಮೇಲೆ ಇಟ್ಟು ಕೇಳಿದ್ದರೆ ಆ ಹುಡುಗಿ ಎಂಟನ್ನೂ ತೆಗೆದುಬಿಡುತ್ತಿದ್ದಳು. ನಾನು ಕೊಟ್ಟದ್ದು ಅಚ್ಚೇರು. ಬೇರೆ ಯಾರೋ ಪಟ್ಟಣದ ಪರೀಕ್ಷಕ ಇದನ್ನು ತಿಳಿಯದೆ ಹೋಗಿದ್ದರೆ ಕ್ಷಮಿಸಬಹುದಿತ್ತು. ನಾನು ಅದೇ ಸೀಮೆಯವಳು. ನನ್ನ ಕೈಗೆ ಗೊತ್ತಿದ್ದದ್ದು ನನ್ನ ಲೇಖನಿಗೆ ಗೊತ್ತಾಗಲಿಲ್ಲ. ಮಾಸ್ತರರು ಇನ್ನೊಮ್ಮೆ ಕೇಳಿರೆಂದು ಬೇಡಿದರೂ ಕೇಳಲಿಲ್ಲ. ‘ಇದಕ್ಕೆ ಹೊಣೆ ಯಾರು?’ ಎಂದು ಬರೆದೆ. ಉತ್ತರ ಅದೇ ಪುಟದ ಕೆಳಗೆ, ಸಹಿಯ ಜಾಗದಲ್ಲಿತ್ತು.

ಆ ಹುಡುಗಿ ಈಗ ಹೇಗಿದ್ದಾಳೆಂದು ಕೇಳಿ ಅಲ್ಲಿಂದಲೇ ಆ ಮಾಸ್ತರರಿಗೆ ಕಾಗದ ಬರೆದೆ. ನಾನು ಊರು ಮುಟ್ಟುವ ಹೊತ್ತಿಗೆ ಅವರ ಉತ್ತರವೂ ಮನೆಗೆ ಬಂದಿತ್ತು.

ಯಲವಿಗಿ

ಮುಂಬಯಿಯಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಯಲವಿಗಿ. ನಿಲ್ದಾಣದಲ್ಲಿ ಇಳಿದು ಸವಣೂರು ಸೇರಿದಾಗ ಅವ್ವ ಮೊದಲು ಮಾಡಿದ್ದು ಅಚ್ಚೇರನ್ನು ತೊಳೆದು, ಒಳಗೆ ನಾಲ್ಕು ಕಾಳು ಹಾಕಿ, ಅದರ ಜಾಗದಲ್ಲಿ ಇಟ್ಟದ್ದು.

ಮಾಸ್ತರರ ಕಾಗದದಲ್ಲಿ ದೂರಿರಲಿಲ್ಲ. ವರದಿಯ ಮೇಲೆ ಶಿಕ್ಷಣ ಇಲಾಖೆಯ ಕಚೇರಿಯಿಂದ ಆಜ್ಞೆ ಬಂದು, ಆ ಹುಡುಗಿಯ ಪ್ರಗತಿ ಪತ್ರಕದಲ್ಲಿ ಗಣಿತಕ್ಕೆ ‘ಅನುತ್ತೀರ್ಣ’ ಎಂದು ಬರೆಯಬೇಕಾಯಿತು, ಅಂದಿನಿಂದ ಅವಳ ತಂದೆ ಅವಳನ್ನು ಶಾಲೆಗೆ ಕಳಿಸುತ್ತಿಲ್ಲ ಎಂದು ಮಾತ್ರ ಇತ್ತು. ಕೊನೆಗೆ ಒಂದು ಸಾಲು: ‘ತಾವು ಕೇಳಿದ ಕಾರಣ ತಿಳಿಸಿದ್ದೇನೆ.’

ಆಜ್ಞೆ ಹೊರಡಿಸಿದ ಕಚೇರಿಗೆ ಹೋದೆ. ವರದಿಯ ಹನ್ನೊಂದನೆಯ ಪುಟ ತಪ್ಪು, ಬರೆದವಳು ನಾನೇ, ತಿದ್ದಿಕೊಡಿ ಎಂದು ಅರ್ಜಿ ಕೊಟ್ಟೆ. ಅಲ್ಲಿದ್ದ ಗೃಹಸ್ಥರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ನನ್ನನ್ನು ಕನಿಕರದಿಂದ ನೋಡಿದರು. ‘ವರದಿ ಮ್ಯಾಲಕ ಹೋಗೇತಿ ಬಾಯಾರ. ಮ್ಯಾಲ ಹೋಗಿದ್ದು ಕೆಳಗ ಬರೂದಿಲ್ಲ. ನಿಮಗ ಅದರಿಂದ ಹೆಸರ ಬಂದೈತಿ, ಸುಮ್ಮನ ಇರ್ರಿ.’ ಹುಡುಗಿಯ ಗತಿಯೇನು ಎಂದು ಕೇಳಿದೆ. ಪರಿಶೀಲಿಸುವುದಾಗಿ ಹೇಳಿದರು. ಮಗುವನ್ನು ಅನುತ್ತೀರ್ಣಗೊಳಿಸಲು ಆ ಕಚೇರಿಗೆ ನಾಲ್ಕು ದಿನ ಸಾಕಾಗಿದ್ದವು.

ಹುಲಗೂರಿನ ಆಚೆ

ಹುಲಗೂರಿನಲ್ಲಿ ಬಸ್ಸಿಳಿದು ನಡೆದು ಹೋದೆ. ಫಕ್ಕೀರವ್ವ ಅಂಗಳದಲ್ಲಿ ಕುಳಿತು ಜೋಳ ಕೇರುತ್ತಿದ್ದಳು. ನನ್ನನ್ನು ಗುರುತಿಸಿ ಮೊರ ಕೆಳಗಿಟ್ಟು ಎದ್ದು ನಿಂತಳು; ಕೈ ಕಟ್ಟಿಕೊಂಡಳು. ಅವಳ ತಂದೆ ಚನ್ನಬಸಪ್ಪ ಕಂಬಳಿ ಹಾಸಿ, ‘ಬರ್ರಿ ಅಕ್ಕೋರ, ಕುಂದರ್ರಿ’ ಎಂದ. ನಾನು ಕಂಬಳಿಯ ಮೇಲೆ ಕೂರದೆ ಅವಳ ಪಕ್ಕದಲ್ಲಿ ಮಂಡಿಯೂರಿ ಕುಳಿತು, ಚೀಲದಿಂದ ಅಚ್ಚೇರನ್ನು ತೆಗೆದೆ. ಎಂಟು ಬೀಜ ಹಾಕಿ ಅವಳ ಮುಂದಿಟ್ಟೆ. ಎಂಟು ಎಣಿಸಿ ಕೊಟ್ಟಳು. ಒಂದನ್ನು ಹಿಂದಕ್ಕೆ ತೆಗೆದುಕೊಂಡು ಒಳಗೆ ಹಾಕಿದಳು.

‘ಯಾಕ ಹಾಕಿದಿ, ಫಕ್ಕೀರವ್ವ?’

ತಂದೆಯ ಮುಖ ನೋಡಿದಳು. ‘ತಳಾ ಕಾಣಬಾರದ್ರಿ. ಎಲ್ಲಾ ತಗದ್ರ ನಾಳಿಗೆ ಹ್ಯಾಂಗ ಬರ್ತೈತ್ರಿ?’

ಬೀಜಗಳನ್ನು ನೆಲದ ಮೇಲಿಟ್ಟೆ. ಎಂಟನ್ನೂ ತೆಗೆದಳು. ಬರಿ ನೆಲದ ಮೇಲೆ ಅಂಗೈ ಸವರಿ, ಇದು ಕೇಳುವ ಮಾತೇ ಎಂಬಂತೆ ನನ್ನನ್ನು ನೋಡಿದಳು. ‘ಇಲ್ಲಿ ಏನೂ ಇಲ್ರಿ.’

ಚನ್ನಬಸಪ್ಪ ಒಳಗೆ ಹೋಗಿ, ಜಗಲಿಯ ಮೇಲಿನ ದೇವರ ಪಟದ ಹಿಂದಿನಿಂದ ಮಡಿಸಿದ ಪತ್ರಕವನ್ನು ತಂದ. ಅವನಿಗೆ ಓದು ಬಾರದು. ಕೆಳಗಿನ ನೀಲಿ ದುಂಡನೆಯ ಮುದ್ರೆಯ ಮೇಲೆ ಬೆರಳಿಟ್ಟ. ‘ಸಾಲಿ ಬಿಡಿಸಿದಾಂವ ನಾ ಅಲ್ರಿ, ಈ ಶಿಕ್ಕಾ. ಸರಕಾರನ ಆಕಿಗೆ ಲೆಕ್ಕ ಬರೂದಿಲ್ಲ ಅಂದಮ್ಯಾಲ ನಾ ಯಾವ ಮಖಾ ಇಟ್ಕೊಂಡು ಕಳಸ್ಲಿ? ಊರಾಗ ಹುಡುಗೂರು ಆಕಿಗೆ ಸೊನ್ನಿ ಅಂತ ಕರೀತಾವು.’

ಅಲ್ಲೇ ಕುಳಿತು ಬರೆದೆ: ಈ ಹುಡುಗಿಗೆ ಸೊನ್ನೆ ಗೊತ್ತು, ಗಣಿತ ಗೊತ್ತು, ತಪ್ಪು ಬರೆದವಳು ನಾನು. ಸಹಿ ಮಾಡಿ, ಗಟ್ಟಿಯಾಗಿ ಓದಿ ಹೇಳಿದೆ. ಫಕ್ಕೀರವ್ವ ತಲೆ ತಗ್ಗಿಸಿ ಕೇಳಿಸಿಕೊಂಡಳು. ಚನ್ನಬಸಪ್ಪ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮುಂದೆ ನೋಡಿ, ಹಿಂದೆ ತಿರುವಿ ನೋಡಿ, ಬಹಳ ಮರ್ಯಾದೆಯಿಂದ ಕೇಳಿದ: ‘ಅಕ್ಕೋರ, ಇದಕ್ಕ ಶಿಕ್ಕಾ?’

ಇಲ್ಲ ಎಂದೆ. ಅಚ್ಚೇರು ಬರಿದಾಗದ ಆ ಮನೆಯಲ್ಲಿ ಆ ಮಾತು ಹೇಳಿದವಳು ನಾನು.

ಆತ ಸಿಟ್ಟಾಗಲಿಲ್ಲ. ಎರಡೂ ಕಾಗದಗಳನ್ನು ಕೂಡಿಸಿ ಮಡಿಸಿದ. ‘ಶಿಕ್ಕಾ ಹಾಕಿಸಿಕೊಂಡು ಬರ್ರಿ. ಬಂದ ಸೋಮವಾರನ ಕಳಸ್ತೇನಿ’ ಎಂದ.

ಆ ಕಚೇರಿಯ ಬಾಗಿಲಿಗೆ ಅಂದಿನಿಂದ ಐದು ಸಲ ಹೋಗಿಬಂದಿದ್ದೇನೆ. ತಪ್ಪು ಮಾಡಿದವಳು ಬಂದು ಒಪ್ಪಿಕೊಂಡರೂ ತಿದ್ದುವ ದಾರಿಯೇ ಇಲ್ಲದ ವ್ಯವಸ್ಥೆ ಯಾವ ಮಗುವಿಗೆ ಯಾವ ಬಾಯಿಂದ ಸರಿ ತಪ್ಪು ಹೇಳುತ್ತದೆ ಎಂದು ಅಲ್ಲಿ ಕೇಳಿದೆ. ಇಲ್ಲಿಯೂ, ಅಚ್ಚಿನಲ್ಲಿ, ನನ್ನ ಹೆಸರು ಹಾಕಿ ಕೇಳುತ್ತಿದ್ದೇನೆ. ಒಂದು ದುಂಡನೆಯ ಮುದ್ರೆ ಬೇಕು, ಅಷ್ಟೇ. ಗೆಣ್ಣುಗಳ ಮೇಲೆ ಹೆಬ್ಬೆರಳಿಟ್ಟು ಎಣಿಸಿದ್ದೇನೆ. ಒಂದು ಕೈ ತುಂಬಿ ಎರಡನೆಯದಕ್ಕೆ ಬಂದಿದ್ದೇನೆ. ಹದಿನೇಳು ಸೋಮವಾರಗಳು ಕಳೆದಿವೆ.